ಕುಡಿಯದೆ ಕೆಳಗಿಟ್ಟ ಕಾಫಿ

ನಮ್ಮ ಮನೆತನದ ಗಂಡಸರು ಕಾಯಿಲೆಯಿಂದ ಸಾಯುವುದಿಲ್ಲ, ಕೊರಗಿ ಸಾಯುತ್ತಾರೆ. ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ. ತಾತ ಕೊರಗಿದ್ದು ಪಕ್ಕದವರು ಆಲಿವ್ ತೋಟದ ಬೇಲಿಯನ್ನು ಒಳಕ್ಕೆ ಸರಿಸಿದ್ದಕ್ಕೆ. ದೊಡ್ಡಪ್ಪ ಕೊರಗಿದ್ದು ಅವನ ಭಾವಮೈದುನ ಹೇಳದೆ ಕೇಳದೆ ಟ್ರ್ಯಾಕ್ಟರ್ ಮಾರಿದ್ದಕ್ಕೆ. ಚಿಕ್ಕಪ್ಪನಿಗೆ ಕೊರಗಲು ಯಾವ ಕಾರಣವೂ ಸಿಗಲಿಲ್ಲವಾದ್ದರಿಂದ ಹೆಂಡತಿಯ ಅಡುಗೆಗೇ ಕೊರಗಿದನೆಂದು ತೀರ್ಮಾನವಾಯಿತು. ಪಾಪ, ಆ ಚಿಕ್ಕಮ್ಮ ಇವತ್ತಿಗೂ ಮದುವೆ ಮನೆಗಳಲ್ಲಿ ಒಲೆಯ ಹತ್ತಿರ ಸುಳಿಯುವುದಿಲ್ಲ. ಎಲ್ಲರೂ ಐವತ್ತು ಮುಟ್ಟುವ ಮೊದಲೇ ಎದೆ ಹಿಡಿದುಕೊಂಡು ಕೂತಲ್ಲೇ ಹೋದವರು. "ಆ ಮನೆ ಗಂಡಸರ ಎದೆ ಬೆಣ್ಣೆ ಕಣಮ್ಮ" ಎಂದು ಊರವರು ಹೇಳುವಾಗ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇರುತ್ತದೆ.

ನನ್ನ ಅಪ್ಪ ದೈಫಲ್ಲಾ ಕೊರಗಿದ್ದು ನನ್ನ ಅಕ್ಕನಿಗಾಗಿ.

ಅಕ್ಕ ಹಿಯಾಮ್ ನಮ್ಮಲ್ಲಿ ಹಿರಿಯಳು. ಅವಳ ನಂತರ ಅಣ್ಣ ತಲಾಲ್, ಕೊನೆಗೆ ನಾನು, ಖಿತಾಮ್. ಖಿತಾಮ್ ಎಂದರೆ ಮುಗಿಯಿತು ಎಂದರ್ಥ. ಇನ್ನು ಮಕ್ಕಳು ಸಾಕಪ್ಪಾ ಎಂದು ಅಮ್ಮ ದೇವರಿಗೆ ಹಾಕಿದ ಅರ್ಜಿಯೇ ನನ್ನ ಹೆಸರು. ಹಿಯಾಮ್ ದೊಡ್ಡಪ್ಪನ ಮಗನಿಗೆಂದು ತೊಟ್ಟಿಲಲ್ಲೇ ಮಾತಾಗಿತ್ತು. ಅವಳೋ ಕೆಳಗೆ ಅಜ್ಲೂನ್ ಪೇಟೆಯ ಶಾಲೆಯಲ್ಲಿ ಮೇಷ್ಟ್ರಾಗಿದ್ದ ವಸೀಮ್ ಎಂಬ ಹೊರಗಿನವನನ್ನು ಮೆಚ್ಚಿ ಕೂತಳು. ವಸೀಮನ ಕಡೆಯ ಹಿರಿಯರು ಹೆಣ್ಣು ಕೇಳಲು ಬೆಟ್ಟ ಹತ್ತಿ ನಮ್ಮ ಮನೆಗೆ ಬಂದರು. ಅಪ್ಪ ತಾನೇ ಕಾಫಿ ಬಗ್ಗಿಸಿ ಕೊಟ್ಟ. ಅವರು ಬಟ್ಟಲನ್ನು ತುಟಿಗೆ ಮುಟ್ಟಿಸದೆ ನೆಲದ ಮೇಲಿಟ್ಟರು.

ನಮ್ಮಲ್ಲಿ ಬೇಡಲು ಬಂದವನು ಕಾಫಿ ಕುಡಿಯುವುದಿಲ್ಲ. ಬಟ್ಟಲನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂರುತ್ತಾನೆ. "ಕುಡಿಯಿರಿ, ನೀವು ಬಂದ ಕೆಲಸ ಆಯಿತು" ಎಂದು ಮನೆಯ ಯಜಮಾನ ಅಂದರೆ ಕೊಟ್ಟ ಹಾಗೆಯೇ. ಅನ್ನದಿದ್ದರೆ ಬಟ್ಟಲಿನಲ್ಲಿ ಕಾಫಿ ಆರಿಹೋಗುತ್ತದೆ, ಅದರ ಜೊತೆ ಮನೆಯ ಮಾನವೂ ಹೋಗುತ್ತದೆ. ಅಪ್ಪ ಬಹಳ ಹೊತ್ತು ಆ ಬಟ್ಟಲುಗಳನ್ನೇ ನೋಡುತ್ತ ಕೂತಿದ್ದ. ಆಮೇಲೆ "ಕುಡಿಯಿರಿ" ಎಂದ. ಮದುವೆಯನ್ನು ಅವನೇ ಮುಂದೆ ನಿಂತು ಮಾಡಿದ. ಹುಡುಗರ ಸಾಲಿನಲ್ಲಿ ಕೈಕೈ ಹಿಡಿದು ಕುಣಿದ. ತಿಂಗಳು ಕಳೆಯುವುದರೊಳಗೆ ಒಂದು ಬೆಳಗ್ಗೆ, ನಮಾಜಿಗೆಂದು ಕೈಕಾಲು ತೊಳೆಯುತ್ತಿದ್ದವನು ನಲ್ಲಿಯ ಹತ್ತಿರವೇ ಕುಸಿದ. ಅವನಿಗೆ ಆಗ ನಲವತ್ತಾರು ವರ್ಷ.

"ಬಾಯಲ್ಲಿ ಹೂಂ ಅಂದ, ಎದೇಲಿ ನುಂಗಿಕೊಂಡ. ಅವತ್ತಿನ ಆ ಕಾಫಿನೇ ಅವನನ್ನ ತಿಂದಿದ್ದು," ಎಂದಳು ಅಮ್ಮ. ಮಣ್ಣಿಗೆ ಬಂದ ಹಿಯಾಮ್ ಹೆಂಗಸರ ನಡುವೆ ಕೂತು ಕಾಫಿ ಬಟ್ಟಲು ಎತ್ತಿಕೊಂಡಾಗ, ಅಮ್ಮ ಎದ್ದು ಹೋಗಿ ಅವಳ ಕೈಯಿಂದ ಅದನ್ನು ತೆಗೆದುಕೊಂಡಳು. ಬೈಯಲಿಲ್ಲ, ಕೂಗಲಿಲ್ಲ. ಆಮೇಲೆ ಇಪ್ಪತ್ತು ವರ್ಷಕ್ಕೂ ಮೇಲೆ ಆ ಹೆಸರು ನಮ್ಮ ಮನೆಯಲ್ಲಿ ಕೇಳಿಸಲಿಲ್ಲ.

ಹಾಗೆಂದು ಅಕ್ಕ ನಮ್ಮನ್ನು ಬಿಟ್ಟಿರಲಿಲ್ಲ, ನಾವೂ ಅವಳನ್ನು ಬಿಟ್ಟಿರಲಿಲ್ಲ. ತಲಾಲಣ್ಣ ಊರಿಗೂ ಅಜ್ಲೂನಿಗೂ ಮಿನಿಬಸ್ ಓಡಿಸುತ್ತಾನೆ. ಅಕ್ಕನ ಮನೆಯ ಮುಂದೆ ಹೋಗುವಾಗಲೆಲ್ಲ ಎರಡು ಸಲ ಹಾರ್ನ್ ಹೊಡೆಯುತ್ತಾನೆ. ಬಸ್ಸಿನ ಜನಕ್ಕೆಲ್ಲ ಅದು ಗೊತ್ತು. ಅಣ್ಣ ಮರೆತರೆ ಹಿಂದಿನ ಸೀಟಿನವರೇ "ಅಕ್ಕನ ಮನೆ ಬಂತು ಕಣೋ" ಎಂದು ಕೂಗುತ್ತಾರೆ. ಅಕ್ಕ ಬದನೆಕಾಯಿಗೆ ಅಕ್ರೋಟು ತುಂಬಿ, ಆಲಿವ್ ಎಣ್ಣೆಯಲ್ಲಿ ಮುಳುಗಿಸಿ, ಜಾಡಿ ಕಟ್ಟಿ ಬಸ್ಸಿನಲ್ಲಿ ಕಳಿಸುತ್ತಾಳೆ. "ಪೇಟೆ ಅಂಗಡೀದು" ಎಂದು ಅಣ್ಣ ತಂದಿಡುತ್ತಾನೆ. "ಈ ಅಂಗಡಿಯವನು ಉಪ್ಪು ಹಾಕೋದು ಇನ್ನೂ ಕಲ್ತಿಲ್ಲ," ಎಂದು ಅಮ್ಮ ಬೈಯುತ್ತಾಳೆ, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಜಾಡಿ ಖಾಲಿ ಮಾಡುತ್ತಾಳೆ. ಬೇರೆ ಅಂಗಡಿಯದನ್ನು ತಂದರೆ ಮುಟ್ಟುವುದಿಲ್ಲ.

ಅಮ್ಮ ಗಡಿಯಾಚೆಯ ಹೌರಾನ್ ಕಡೆಯವಳು. ಅವಳ ತವರಿನಲ್ಲಿ ಮಕ್ಕಳನ್ನು ಮುದ್ದು ಮಾಡುವುದೇ ಒಂದು ವಿಚಿತ್ರ. "ನನ್ನ ಮಣ್ಣು ನೀನೇ ಮಾಡು" ಎನ್ನುತ್ತಾರೆ. ನಿನಗಿಂತ ಮೊದಲು ನಾನು ಹೋಗಬೇಕು, ನೀನಿಲ್ಲದ ಒಂದು ದಿನವನ್ನೂ ನಾನು ನೋಡಬಾರದು ಎಂದು. ಅಣ್ಣ ಬಸ್ಸಿನಿಂದ ಇಳಿದು ಬಂದರೂ, ನಾನು ಲೋಟ ತೊಳೆದಿಟ್ಟರೂ, ಪಕ್ಕದ ಮನೆಯ ಮಗು ತೆವಳಿಕೊಂಡು ಹೊಸಿಲು ದಾಟಿದರೂ ಅಮ್ಮನ ಬಾಯಲ್ಲಿ ಅದೇ ಮಾತು.

ನಾನು ಊರಿನ ಆರೋಗ್ಯ ಕೇಂದ್ರದಲ್ಲಿದ್ದೇನೆ. ಕೆಲಸ ದೊಡ್ಡದೇನಲ್ಲ; ಲಸಿಕೆ ಹಾಕುವಾಗ ಮಕ್ಕಳ ಕಾಲು ಹಿಡಿದುಕೊಳ್ಳುತ್ತೇನೆ, ತಾಯಂದಿರನ್ನು ಗದರುತ್ತೇನೆ. ಕಳೆದ ವರ್ಷ ಆಲಿವ್ ಕೊಯ್ಲಿಗೆ ಸ್ವಲ್ಪ ಮೊದಲು ಅಮ್ಮಾನ್ ನಗರದಿಂದ ಒಂದು ಸಮೀಕ್ಷೆ ಬಂತು. ಬೆಟ್ಟದ ಹಳ್ಳಿಗಳಲ್ಲಿ ಜನರ ಹೃದಯ ಯಾಕೆ ಇಷ್ಟು ಬೇಗ ಕೈಕೊಡುತ್ತದೆ, ಏನು ತಿನ್ನುತ್ತಾರೆ, ಎಷ್ಟು ಸೇದುತ್ತಾರೆ, ಯಾರು ಯಾರ ಮಕ್ಕಳನ್ನು ಮದುವೆಯಾಗಿದ್ದಾರೆ, ಇದೆಲ್ಲ ಮನೆ ಮನೆಗೆ ಹೋಗಿ ಕೇಳಬೇಕಿತ್ತು. ಡಾಕ್ಟರ್ ಜುಮಾನಾ ಎಂಬ ಹುಡುಗಿ ಬಂದಳು. ದಾರಿ ತೋರಿಸಲು ನನ್ನನ್ನು ಹಾಕಿದರು. ಅರ್ಧ ಊರು ನನಗೆ ನೆಂಟರು, ಇನ್ನರ್ಧದ ಜೊತೆ ಜಗಳವಾಡಿದ್ದೇನೆ. ಹೀಗಾಗಿ ನನಗೆ ಗೊತ್ತಿಲ್ಲದ ಮನೆಯಿಲ್ಲ.

ಜುಮಾನಾ ಒಳ್ಳೆಯವಳು, ಆದರೆ ಪೇಟೆಯವಳು. ನಮ್ಮ ಕಲ್ಲುದಾರಿಗೆ ಬಿಳಿ ಬೂಟು ಹಾಕಿಕೊಂಡು ಬಂದಿದ್ದಳು.

"ಸಿಗರೇಟು ಸೇದ್ತೀರಾ?" ಎಂದು ಮೊದಲ ಮನೆಯಲ್ಲೇ ಮುದುಕನೊಬ್ಬನನ್ನು ಕೇಳಿದಳು.

"ಇಲ್ಲ ತಾಯಿ."

"ಕೈಯಲ್ಲಿ ಇದೆಯಲ್ಲ?"

"ಇದಾ? ಇದು ಮನೆಗೆ ಯಾರಾದ್ರೂ ಬಂದಾಗ ಮಾತ್ರ. ಬಂದವರ ಮುಂದೆ ಸುಮ್ನೆ ಕೂರೋಕಾಗುತ್ತಾ?"

"ದಿನಕ್ಕೆ ಎಷ್ಟು ಜನ ಬರ್ತಾರೆ?"

"ದೇವರ ದಯೆ, ಜನಕ್ಕೇನು ಕಮ್ಮಿ. ಬೆಳಗ್ಗೆಯಿಂದ ಸಂಜೆವರೆಗೂ ಬರ್ತಾನೇ ಇರ್ತಾರೆ."

ಇದನ್ನೆಲ್ಲ ಅವಳು ನಗುನಗುತ್ತ ಬರೆದುಕೊಂಡಳು. ಸತ್ತವರ ಪ್ರಶ್ನೆ ಬಂದಾಗ ಮಾತ್ರ ಸುಸ್ತಾದಳು. ನಮ್ಮ ಓಣಿಯ ಕೆಲವು ಮನೆಗಳು ಮುಗಿದ ಮೇಲೆ ಒಂದು ಅಂಜೂರದ ಮರದ ಕೆಳಗೆ ನಿಂತುಬಿಟ್ಟಳು.

"ಖಿತಾಮ್, ಈ ಊರಲ್ಲಿ ಹಾರ್ಟ್ ಅಟ್ಯಾಕ್ ಆಗಿ ಯಾರೂ ಸತ್ತೇ ಇಲ್ವಾ?"

"ಇಲ್ಲ ಡಾಕ್ಟ್ರೇ. ಎಲ್ಲ ಕೊರಗೇ."

"ಈ ಬೇಲಿ, ಟ್ರ್ಯಾಕ್ಟರು, ಅಡುಗೆ... ಇವರೆಲ್ಲ ಒಂದೇ ಮನೆತನದವರು ತಾನೆ?"

"ನಮ್ಮೋರೇ. ಮುಂದಿನ ಮನೆ ನಮ್ದು. ಅಲ್ಲಿ ಇನ್ನೂ ದೊಡ್ಡ ಕೊರಗು ಇದೆ, ಬನ್ನಿ."

ಅವಳು ನಗಲಿಲ್ಲ.

ಅಮ್ಮ ಅಪ್ಪನ ಕಾಲದ ಬೈಠಕ್ಕಿನಲ್ಲೇ ನಮ್ಮನ್ನು ಕೂರಿಸಿದಳು. ಬೇರೆ ಮನೆಗಳಲ್ಲಿ ಅದು ಗಂಡಸರ ಜಾಗ. ಅಪ್ಪ ಹೋದ ಮೇಲೆ ನಮ್ಮ ಮನೆಗೆ ಗಂಡಸೂ ಅಮ್ಮನೇ, ಹೆಂಗಸೂ ಅಮ್ಮನೇ. ಅಪ್ಪನ ಹಿತ್ತಾಳೆ ಪಾತ್ರೆಯಲ್ಲೇ ಕಾಫಿ ಕಾಯುತ್ತದೆ, ಬಂದವರಿಗೆ ಅಪ್ಪ ಕೊಡುತ್ತಿದ್ದ ಹಾಗೆಯೇ ಬಲಗೈಯಲ್ಲಿ ಅಮ್ಮ ಬಟ್ಟಲು ಕೊಡುತ್ತಾಳೆ. ಏಲಕ್ಕಿ ಜಾಸ್ತಿ, ಸಕ್ಕರೆ ಇಲ್ಲ.

"ನಿಮ್ಮ ಯಜಮಾನರು ಹೇಗೆ ತೀರಿಕೊಂಡ್ರು ಉಮ್ ತಲಾಲ್?" ಜುಮಾನಾ ಬಟ್ಟಲು ಹಿಡಿದುಕೊಂಡು ಕೇಳಿದಳು. ನಮ್ಮಲ್ಲಿ ಹಿರಿಮಗನ ಹೆಸರು ಸೇರಿಸಿ ತಾಯಿಯನ್ನು ಉಮ್ ಎಂದೂ ತಂದೆಯನ್ನು ಅಬೂ ಎಂದೂ ಕರೆಯುವುದು ಮರ್ಯಾದೆ.

"ಕೊರಗಿ."

"ಯಾರಿಗಾಗಿ ಅಂತ ಕೇಳಬಹುದಾ?"

"ಕೇಳಬಾರದು."

ನಾನು ಛಾವಣಿ ನೋಡಿದೆ. ಜುಮಾನಾ ಬೇರೆ ದಾರಿ ಹಿಡಿದಳು.

"ಅವರ ಕಣ್ಣಿನ ರೆಪ್ಪೆ ಹತ್ತಿರ, ಮೂಗಿನ ಕಡೆಗೆ, ಹಳದಿ ಹಳದಿಯಾಗಿ ಏನಾದ್ರೂ ಇತ್ತಾ? ಗೋಧಿ ಕಾಳಿನ ಹಾಗೆ?"

ಅಮ್ಮನ ಬೆನ್ನು ನೆಟ್ಟಗಾಯಿತು.

"ಹಿಮ್ಮಡಿ ಮೇಲಿನ ನರ ಹಗ್ಗದ ಹಾಗೆ ದಪ್ಪಗಿತ್ತಾ? ಬೂಟು ಹಾಕಿಕೊಂಡ್ರೆ ಅಲ್ಲೇ ಉಜ್ಜುತ್ತಿತ್ತಾ?"

"ಏ ಹುಡುಗಿ," ಎಂದಳು ಅಮ್ಮ, "ನನ್ನ ಗಂಡ ಸತ್ತಾಗ ನೀನಿನ್ನೂ ಹಾಲುಹಲ್ಲಿನ ಕೂಸು. ಅವನ ಹಿಮ್ಮಡಿ ನೀನೆಲ್ಲಿ ನೋಡಿದೆ?"

"ನೋಡಿಲ್ಲಮ್ಮ, ಸುಮ್ನೆ..."

"ಹೊಸ ಬೂಟು ತಂದ್ರೆ ಹಿಂದೆ ಕತ್ತರೀಲಿ ಕೊಯ್ದು ಕೊಡ್ತಿದ್ದವಳು ನಾನು. ಆ ಕಾಳುಗಳನ್ನ ಬೆರಳಲ್ಲಿ ಮುಟ್ಟಿದ್ದವಳು ನಾನು. ನಿನಗ್ಯಾರು ಹೇಳಿದ್ರು?"

ನಮ್ಮ ಅಮ್ಮನಿಗೆ ಎಪ್ಪತ್ತು ದಾಟಿದೆ. ಸತ್ತ ಗಂಡನ ವಿಷಯದಲ್ಲೂ ಆ ಹೊಟ್ಟೆಕಿಚ್ಚು ನೋಡಿ ನನಗೆ ನಗು ಬಂತು.

ಜುಮಾನಾಳ ಮುಖ ಬಿಳಿಚಿಕೊಂಡಿತ್ತು. ಅವಳ ಮನಸ್ಸು ಎಲ್ಲೋ ಓಡುತ್ತಿತ್ತು, ಕೈ ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. "ಒಂದ್ನಿಮಿಷ, ನಿಮ್ಮ ಬಿ.ಪಿ. ನೋಡಿಬಿಡ್ತೀನಿ," ಎಂದು ಚೀಲಕ್ಕೆ ಕೈ ಹಾಕಿದಳು. ಅದಕ್ಕೆ ಎರಡೂ ಕೈ ಬೇಕಲ್ಲ. ಒಂದು ಗುಟುಕೂ ಕುಡಿಯದ ಬಟ್ಟಲನ್ನು ಅಮ್ಮನ ಮುಂದೆ ನೆಲದ ಮೇಲಿಟ್ಟಳು.

ಅಮ್ಮ ಬಿ.ಪಿ.ಗೆಂದು ಚಾಚಿದ್ದ ತೋಳನ್ನು ಹಿಂದಕ್ಕೆ ಎಳೆದುಕೊಂಡಳು. ಬಟ್ಟಲನ್ನು ನೋಡಿದಳು. ಹುಡುಗಿಯನ್ನು ನೋಡಿದಳು. ತಲೆವಸ್ತ್ರವನ್ನು ಸರಿ ಮಾಡಿಕೊಂಡಳು. ಜುಮಾನಾ ಬಗ್ಗಿ ಚೀಲದಲ್ಲಿ ತಡಕಾಡುತ್ತಲೇ ಇದ್ದಳು. ಇದು ಬೇಡಿಕೆಯಲ್ಲ, ಬರೀ ಅಜಾಗರೂಕತೆ ಎಂದು ನಾನು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ನಾನು ತುಟಿ ಪಿಟಕ್ ಎನ್ನಲಿಲ್ಲ. ನನ್ನ ಜನ್ಮದಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದು ಅಷ್ಟೇ ಹೊತ್ತು, ಅದಕ್ಕೆ ಇವತ್ತಿಗೂ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತೇನೆ.

"ಕುಡಿ ಮಗಳೇ," ಎಂದಳು ಅಮ್ಮ ಕೊನೆಗೆ, ಅಪ್ಪನದೇ ಧಾಟಿಯಲ್ಲಿ. "ನೀನು ಬಂದ ಕೆಲಸ ಆಯಿತು."

ಜುಮಾನಾ ತಲೆಯೆತ್ತಿದಳು. ಒಂದೂ ಅರ್ಥವಾಗಲಿಲ್ಲ ಎಂದು ಮುಖದಲ್ಲೇ ಬರೆದಿತ್ತು. ಹಿರಿಯರು ಕುಡಿ ಎಂದರೆ ಕುಡಿಯಬೇಕು ಎಂಬಷ್ಟು ಮಾತ್ರ ಗೊತ್ತಿದ್ದರಿಂದ ಗಟಗಟ ಕುಡಿದು, ಇನ್ನು ಸಾಕು ಎಂಬ ಗುರುತಿಗೆ ಬಟ್ಟಲು ಅಲ್ಲಾಡಿಸಿ ಕೊಟ್ಟಳು.

"ಈಗ ಹೇಳು, ಏನು ಬೇಕು?"

"ಬೇಕು ಅಂದ್ರೆ... ಹಾಂ, ಬೇಕಮ್ಮ. ಅಬೂ ತಲಾಲ್ ಅವರ ಮಕ್ಕಳೆಲ್ಲರ ರಕ್ತ ಬೇಕು. ಒಬ್ಬರನ್ನೂ ಬಿಡೋ ಹಾಗಿಲ್ಲ. ಎಷ್ಟು ಮಕ್ಕಳು?"

"ಇಬ್ಬರು."

"ಅಮ್ಮಾ," ಎಂದೆ ನಾನು ಮೆಲ್ಲಗೆ, "ಡಾಕ್ಟ್ರು ಕಾಫಿ ಕುಡಿದಾಯ್ತು."

ಅಮ್ಮ ನನ್ನನ್ನು ನೋಡಿದ ನೋಟಕ್ಕೆ ಬೇರೆ ಯಾರಾದರೂ ಆಗಿದ್ದರೆ ಸುಟ್ಟುಹೋಗುತ್ತಿದ್ದರು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಪ್ಪನ ಬೈಠಕ್ಕಿನಲ್ಲಿ, ಅಪ್ಪನ ಪಾತ್ರೆಯ ಕಾಫಿಗೆ, ಅಪ್ಪನ ಬಾಯಿಯ ಮಾತನ್ನೇ ಆಡಿದ್ದಳು.

"ಮೂವರು," ಎಂದಳು ಹಲ್ಲಿನ ಸಂದಿಯಿಂದ. "ಒಬ್ಬಳು ಕೆಳಗೆ ಪೇಟೇಲಿದ್ದಾಳೆ. ಇವಳು ಕರಕೊಂಡು ಹೋಗ್ತಾಳೆ. ನನ್ನನ್ನ ಇನ್ನೇನೂ ಕೇಳಬೇಡ."

ಮಾರನೆಯ ದಿನ ನಾವು ತಲಾಲಣ್ಣನ ಬಸ್ಸಿನಲ್ಲೇ ಇಳಿದೆವು. ಅವನು ಅಕ್ಕನ ಮನೆ ಮುಂದೆ ಹಾರ್ನ್ ಹೊಡೆದು, ಈ ಸಲ ಗಾಡಿ ನಿಲ್ಲಿಸಿದ. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಗೆ ಬಂದರು. ಅಕ್ಕ ಬಾಗಿಲು ತೆಗೆದಳು; ನಮ್ಮನ್ನು ನೋಡುವ ಮೊದಲು ನಮ್ಮ ಹಿಂದೆ ಯಾರಾದರೂ ಇದ್ದಾರೇನೋ ಎಂದು ನೋಡಿದಳು.

"ಅಮ್ಮ ಕಳಿಸಿದ್ರಾ?"

"ಹೂಂ ಅನ್ಕೋ," ಎಂದೆ. "ನಿನ್ನ ರಕ್ತ ಬೇಕಂತೆ."

ಹಿಯಾಮ್ ಯಾಕೆ ಏನು ಎಂದು ಕೇಳಲಿಲ್ಲ. ನಿಂತಲ್ಲೇ ಅಂಗಿಯ ತೋಳು ಮಡಚಿದಳು. "ಅಮ್ಮ ಹೇಳಿದ್ರೆ ಎರಡೂ ಕೈಯಿಂದ ತಗೊಳ್ಳಿ ಡಾಕ್ಟ್ರೇ."

ರಕ್ತ ತೆಗೆದಾದ ಮೇಲೆ ಜುಮಾನಾ ಅವಳ ಕಾಲನ್ನು ತನ್ನ ಮಡಿಲಲ್ಲಿಟ್ಟುಕೊಂಡು ಹಿಮ್ಮಡಿ ಮುಟ್ಟಿ ನೋಡಿದಳು. ಅಕ್ಕ ನಾಚಿಕೊಂಡು ನಕ್ಕಳು. "ಅದು ಅಪ್ಪನ ಹಿಮ್ಮಡಿ. ನನಗೆ ಯಾವ ಅಂಗಡಿ ಚಪ್ಪಲಿನೂ ಆಗಲ್ಲ." ನಮಗೆ ಕಾಫಿ ತರಲು ಒಳಗೆ ಹೋಗಿ ಬರುವುದರಲ್ಲಿ ಗೋಡೆ ಹಿಡಿದು ನಿಂತುಕೊಂಡಳು.

"ಆಗಾಗ ಹೀಗಾಗುತ್ತಾ?" ಜುಮಾನಾ ಕೇಳಿದಳು.

"ಮಹಡಿ ಹತ್ತಿದ್ರೆ, ಭಾರ ಎತ್ತಿದ್ರೆ ಎದೆ ಹಿಡಿಯುತ್ತೆ. ಅದು ಕಾಯಿಲೆ ಅಲ್ಲ ಡಾಕ್ಟ್ರೇ." ಅಕ್ಕ ನನ್ನ ಕಡೆ ನೋಡದೆ ಹೇಳಿದಳು. "ಅಪ್ಪನ ಕೊರಗು ನನಗೆ ಬಂದು ಕೂತಿದೆ. ಬರಲೇಬೇಕಲ್ಲ."

ನನ್ನ ಮೈಯೆಲ್ಲ ಉರಿಯಿತು. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಜುಮಾನಾಳ ಬಿಳಿ ಬೂಟಿನ ಮೇಲೆ ಸಿಟ್ಟು ಮಾಡಿಕೊಂಡೆ. ಇಪ್ಪತ್ತು ವರ್ಷ ಈ ಹೆಂಗಸು ಉಪ್ಪಿನಕಾಯಿ ಜಾಡಿ ಕಟ್ಟಿ ಕಳಿಸುತ್ತ, ಹಾರ್ನ್ ಕೇಳಿಸಿಕೊಳ್ಳುತ್ತ, ಎದೆ ಹಿಡಿದಾಗಲೆಲ್ಲ ಅಪ್ಪನಿಗೆ ಸಾಲ ತೀರಿಸುತ್ತಿದ್ದೇನೆಂದು ಸುಮ್ಮನಿದ್ದಳು.

ಮುಂದಿನ ವಾರ ಜುಮಾನಾ ಆರೋಗ್ಯ ಕೇಂದ್ರಕ್ಕೆ ಬಂದು, ಬಾಗಿಲು ಹಾಕಿ, ನನ್ನನ್ನು ಕೂರಿಸಿದಳು. ನನ್ನ ರಕ್ತವೂ ಅಣ್ಣನದೂ ಸರಿಯಾಗಿತ್ತು. ಅಕ್ಕನ ರಕ್ತದಲ್ಲಿ ಕೊಲೆಸ್ಟ್ರಾಲ್ ಕೇಳಬಾರದಷ್ಟಿತ್ತು. ತಿಂದು ಬಂದಿದ್ದಲ್ಲ, ಹುಟ್ಟುವಾಗಲೇ ಬಂದಿದ್ದು. ಆ ಜಿಡ್ಡು ಚಿಕ್ಕಂದಿನಿಂದಲೇ ಕಣ್ಣಿನ ರೆಪ್ಪೆಯಲ್ಲಿ, ಹಿಮ್ಮಡಿಯಲ್ಲಿ, ಹೃದಯದ ಕೊಳವೆಗಳಲ್ಲಿ ಸದ್ದಿಲ್ಲದೆ ಕೂರುತ್ತ ಬರುತ್ತದೆ. ನಮ್ಮ ತಾತನಿಂದ ದೊಡ್ಡಪ್ಪ, ಚಿಕ್ಕಪ್ಪ, ಅಪ್ಪನಿಗೆ. ಅಪ್ಪನಿಂದ ಮೂವರಲ್ಲಿ ಒಬ್ಬಳಿಗೆ.

"ಗಂಡಸರಲ್ಲಿ ಬೇಗ ಹೊಡೆಯುತ್ತೆ, ಹೆಂಗಸರಲ್ಲಿ ಸ್ವಲ್ಪ ತಡ," ಎಂದಳು ಜುಮಾನಾ. "ನಿಮ್ಮಕ್ಕನಿಗೆ ಆ ತಡವೂ ಮುಗೀತಾ ಬಂದಿದೆ. ಈ ವಾರದಲ್ಲೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಕೊಳವೆ ಬಿಡಿಸಬೇಕಾಗಬಹುದು. ಮಾತ್ರೆ ಜೀವಮಾನ ಪೂರ್ತಿ. ಆದ್ರೆ ಅವರು ಬರಲ್ಲ ಅಂತಾರೆ ಖಿತಾಮ್. ಫೋನ್ ಮಾಡಿದ್ದೆ. 'ನನ್ನ ಪಾಲಿಗೆ ಬಂದಿದ್ದು ನಾನೇ ಅನುಭವಿಸ್ತೀನಿ' ಅಂದ್ರು."

"ಅಪ್ಪ?" ಎಂದೆ.

"ನಿಮ್ಮಪ್ಪ ಕೊರಗಿ ಸತ್ತಿಲ್ಲ. ಅವರು ಮಗಳ ಮದುವೇಲಿ ಕುಣಿದಿದ್ರು ಅಂದ್ರಲ್ಲ, ಖುಷಿಯಾಗೇ ಕುಣಿದಿರಬೇಕು."

ಮನೆಗೆ ಬಂದಾಗ ಅಮ್ಮ ಮೊಸರು ಬಸಿದು, ಉಂಡೆ ಕಟ್ಟಿ, ಕೆಡದ ಹಾಗೆ ಜಾಡಿಯ ಎಣ್ಣೆಯಲ್ಲಿ ಮುಳುಗಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆಲ್ಲ ಚೆಲ್ಲಾಪಿಲ್ಲಿಯಾಗಿ, ಮೊದಲು ಹೇಳಬೇಕಾದ್ದು ಕೊನೆಗೆ ಬಂತು. ಅಮ್ಮ ಉಂಡೆ ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಅಂದ್ರೆ ನಾನು ಹಾಕಿದ ತುಪ್ಪ ತಿಂದು ಸತ್ತ ಅಂತೀಯಾ?"

"ತುಪ್ಪದ್ದಲ್ಲಮ್ಮ. ರಕ್ತದಲ್ಲೇ ಇತ್ತು. ತಾತನಿಂದ ಬಂದಿದ್ದು."

"ತಾತ ಬೇಲಿಗೆ ಕೊರಗಿದ್ದಲ್ವಾ?"

"ಬೇಲಿ ಅಲ್ಲಮ್ಮ."

"ನಿಮ್ಮ ದೊಡ್ಡಪ್ಪನ ಟ್ರ್ಯಾಕ್ಟರು?"

"ಅದೂ ಅಲ್ಲ."

"ಆ ಪಾಪದವಳ ಅಡುಗೆ?"

"ಅಲ್ಲಮ್ಮ. ಅವಳ ಅಡುಗೆ ಚೆನ್ನಾಗೇ ಇತ್ತು."

ಅಮ್ಮನ ಕೈ ನಿಂತಿತು. ಬೆರಳುಗಳ ಮೇಲೆ ಮೊಸರು ಅಂಟಿತ್ತು. ಅವಳು ಅದನ್ನೇ ನೋಡುತ್ತ, ಬಹಳ ಸಣ್ಣ ದನಿಯಲ್ಲಿ ಕೇಳಿದಳು.

"ಹಿಯಾಮ್?"

ಆ ಹೆಸರು ಅವಳ ಬಾಯಲ್ಲಿ ಕೇಳಿ ನನಗೆ ಅಳು ತಡೆಯಲಾಗಲಿಲ್ಲ. "ಅಲ್ಲಮ್ಮ," ಎಂದೆ. "ಅವಳೂ ಅಲ್ಲ."

ಅಮ್ಮ ಬಿಕ್ಕಿ ಅಳಬಹುದೆಂದುಕೊಂಡೆ, ಇಲ್ಲವೇ ಡಾಕ್ಟರನ್ನೂ ನನ್ನನ್ನೂ ಸೇರಿಸಿ ಬೈಯಬಹುದೆಂದುಕೊಂಡೆ. ಅವಳು ಎದ್ದು, ಕೈ ತೊಳೆದು, ನಿಲುವಂಗಿಗೆ ಒರೆಸಿಕೊಂಡು, ಮೂಲೆಯಲ್ಲಿದ್ದ ಬದನೆಕಾಯಿ ಜಾಡಿಯ ಮುಂದೆ ಹೋಗಿ ನಿಂತಳು.

"ಅವನ ತಲೆ ಮೇಲೆ ಬಂದ ಸಾವನ್ನ ತಗೊಂಡು ಹೋಗಿ ನನ್ನ ಮಗು ತಲೆ ಮೇಲೆ ಹಾಕಿದೆ," ಎಂದಳು ಜಾಡಿಗೆ. "ಅವಳು ಅದನ್ನ ಹೊತ್ಕೊಂಡೇ ಬಿಟ್ಟಳು. ತಿರುಗಿ ಒಂದು ಮಾತೂ ಆಡಲಿಲ್ಲ, ಮುಂಡೇದು." ಆಮೇಲೆ ನನ್ನ ಕಡೆ ತಿರುಗಿದಳು. "ಆಸ್ಪತ್ರೆಗೆ ಬರಲ್ಲ ಅಂದಳಾ?"

"ಬರಲ್ಲ ಅಂದಳು. ಅಪ್ಪನ ಹಟ."

"ಅಪ್ಪನದಲ್ಲ," ಎಂದಳು ಅಮ್ಮ. "ತಲಾಲ್‌ಗೆ ಹೇಳು, ನಾಳೆ ಬೆಳಗ್ಗೆ ಮುಂದಿನ ಸೀಟು ನನಗಿರಲಿ."

ಮಾರನೆಯ ಬೆಳಗ್ಗೆ ಅಮ್ಮ ಅಪ್ಪನ ಕಾಲದ ಕಸೂತಿಯ ಕಪ್ಪು ನಿಲುವಂಗಿ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಹಿಂದಿದ್ದವರಿಗೆಲ್ಲ ವಿಷಯ ಗೊತ್ತಾಗಿತ್ತು. ನಮ್ಮೂರಿನಲ್ಲಿ ಗುಟ್ಟು ಬಸ್ಸಿಗಿಂತ ಮೊದಲೇ ಇಳಿದು ಹೋಗಿರುತ್ತದೆ. ಯಾರೂ ಕೆಮ್ಮಲೂ ಇಲ್ಲ. ಅಕ್ಕನ ಮನೆ ಬಂದಾಗ ಅಣ್ಣನ ಕೈ ಅಭ್ಯಾಸಬಲದಿಂದ ಎರಡು ಸಲ ಹಾರ್ನ್ ಒತ್ತಿತು. ಒತ್ತಿ, ನಾಲಗೆ ಕಚ್ಚಿಕೊಂಡ.

"ಇಷ್ಟು ಮೆತ್ತಗೆ ಹೊಡೀತೀಯಾ?" ಎಂದಳು ಅಮ್ಮ. "ಬೆಟ್ಟದ ಮೇಲೆ ನನಗೆ ಸರಿಯಾಗಿ ಕೇಳಿಸ್ತಿರಲಿಲ್ಲ."

"ನೀನು ಕೇಳಿಸ್ಕೋತಿದ್ಯಾ?"

"ಗಾಳಿ ಈ ಕಡೆಯಿಂದ ಬಂದಾಗ," ಎಂದು ಹೇಳಿ ಇಳಿದಳು.

ಹಿಯಾಮ್ ಬಾಗಿಲು ತೆಗೆದಳು. ನಮ್ಮ ಹಿಂದೆ ನೋಡುವ ಅಗತ್ಯ ಈ ಸಲ ಇರಲಿಲ್ಲ, ಅಮ್ಮನೇ ಮುಂದೆ ನಿಂತಿದ್ದಳು. ಅಕ್ಕ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು, ಅಮ್ಮ ಒಳಗೆ ಹೋಗಿ ಜಮಖಾನದ ಮೇಲೆ ಕೂತಳು, ನಾನು ಬಾಗಿಲ ಹತ್ತಿರವೇ ಕೂತೆ. ಅಕ್ಕ ಕಾಫಿ ಮಾಡಲು ಹೋದಳು. ಒಳಗೆ ಪಾತ್ರೆಗಳು ಒಂದಕ್ಕೊಂದು ತಾಗುವ ಸದ್ದು ಕೇಳಿಸುತ್ತಿತ್ತು.

ಬಟ್ಟಲು ತಂದು ಬಗ್ಗಿ ಬಲಗೈಯಲ್ಲಿ ಕೊಟ್ಟಳು. ಅಮ್ಮ ತೆಗೆದುಕೊಂಡಳು. ತೆಗೆದುಕೊಂಡು, ತುಟಿಗೆ ಮುಟ್ಟಿಸದೆ, ಅಕ್ಕನ ಮುಂದೆ ನೆಲದ ಮೇಲಿಟ್ಟಳು.

ಅಕ್ಕ ಬಟ್ಟಲನ್ನು ನೋಡಿದಳು. ಅವಳ ಮುಖ ಬಾಡಿತು. ತನ್ನ ಕಾಫಿ ಅಮ್ಮನಿಗೆ ಬೇಡವೆಂದು, ಅವತ್ತಿನ ಹಾಗೆಯೇ ಇವತ್ತೂ ಎಂದು, ಒಂದು ಗಳಿಗೆ ಅಂದುಕೊಂಡಳೆಂದು ನನಗೆ ಗೊತ್ತು. ಆದರೆ ಅಮ್ಮ ತಲೆ ಬಗ್ಗಿಸಿ, ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು, ಬೇಡಲು ಬಂದವರು ಕೂರುವ ಹಾಗೆ ಕೂತಿದ್ದಳು. ನಮ್ಮ ಅಮ್ಮ ಯಾರ ಮುಂದೆಯೂ ಹಾಗೆ ಕೂತವಳಲ್ಲ.

ಅಕ್ಕನಿಗೆ ತಿಳಿಯಿತು. "ಕುಡಿಯಮ್ಮಾ," ಎಂದಳು, ದನಿ ಒಡೆಯಿತು. "ಕುಡಿ. ನೀನು ಬಂದ ಕೆಲಸ ಆಯ್ತು."

"ಏನು ಅಂತ ಕೇಳದೆ ಆಯ್ತು ಅಂತೀಯಾ?"

"ಅಪ್ಪನೂ ಕೇಳಲಿಲ್ಲ."

ಅಮ್ಮ ಆಗ ಕೈ ಚಾಚಿ ಅಕ್ಕನ ಕಾಲನ್ನು ಹಿಡಿದು, ತನ್ನ ಮಡಿಲಿಗೆ ಎಳೆದುಕೊಂಡು, ಹಿಮ್ಮಡಿಯ ಮೇಲೆ ಹೆಬ್ಬೆರಳಿಟ್ಟಳು. ಆ ಹಗ್ಗದ ಮೇಲೆ ಬೆರಳನ್ನು ಮೇಲಕ್ಕೂ ಕೆಳಕ್ಕೂ ಓಡಿಸಿದಳು. ಅವಳ ಕಣ್ಣಿನಿಂದ ನೀರು ಅಕ್ಕನ ಪಾದದ ಮೇಲೆ ಬೀಳುತ್ತಿತ್ತು.

"ಆಸ್ಪತ್ರೆಗೆ ನಡಿ," ಎಂದಳು. "ಅವರು ಕೊಟ್ಟ ಮಾತ್ರೆ ತಿನ್ನು, ಕೊಯ್ಯಬೇಕು ಅಂದ್ರೆ ಕೊಯ್ಯಿಸ್ಕೋ. ನಿನ್ನ ಮಕ್ಕಳನ್ನೂ ತೋರಿಸು. ನನಗೆ ಬೇರೇನೂ ಬೇಡ. ನನ್ನ ಮಣ್ಣು ನೀನೇ ಮಾಡು, ಹಿಯಾಮ್. ನಾನು ನಿನ್ನ ಮಣ್ಣು ಮಾಡೋ ಹಾಗೆ ಮಾಡಬೇಡ."

ಅಕ್ಕ ಅಮ್ಮನ ಹೆಗಲ ಮೇಲೆ ತಲೆಯಿಟ್ಟಳು. "ಆಯ್ತಮ್ಮ," ಎಂದಳು. "ಆಯ್ತು, ಆಯ್ತು."

ಹೊರಗೆ ಹಾರ್ನ್ ಕೇಳಿಸಿತು. ತಲಾಲಣ್ಣ ಇನ್ನೂ ಹೋಗಿರಲಿಲ್ಲ; ಆಸ್ಪತ್ರೆಗೆ, ಸಂತೆಗೆ, ಕಚೇರಿಗೆ ಹೋಗಬೇಕಾದ ಅಷ್ಟೂ ಜನ ಬಸ್ಸಿನಲ್ಲೇ ಕಾಯುತ್ತ ಕೂತಿದ್ದರು. ಅಮ್ಮ ಕಣ್ಣೊರೆಸಿಕೊಂಡು, ಬಟ್ಟಲೆತ್ತಿ, ಪೂರ್ತಿ ಆರಿಹೋಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದಳು.

"ಏಲಕ್ಕಿ ಸಾಲದು," ಎಂದಳು. "ಉಪ್ಪೂ ಹಾಕೋಕೆ ಬರಲ್ಲ, ಏಲಕ್ಕೀನೂ ಹಾಕೋಕೆ ಬರಲ್ಲ. ಎದ್ದೇಳು, ಚಪ್ಪಲಿ ಹಾಕ್ಕೋ, ಜನ ಕಾಯ್ತಿದ್ದಾರೆ."